ಸಹಾಯ ಬೇಕು: ಕೊನೆಯುಸಿರಿನ ಅಪ್ಪನನ್ನು ರಂಗದ ಮೇಲೆ ತೋರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಒಂದು ನಾಟಕ ಬರೆಯುತ್ತಿದ್ದೇನೆ. ಅಪ್ಪ ಕೊನೆಯ ದಿನಗಳಲ್ಲಿದ್ದಾರೆ, ಮಕ್ಕಳು ಮಂಚದ ಪಕ್ಕದಲ್ಲೇ ಜಗಳವಾಡುತ್ತಾರೆ. ವರ್ಷಗಟ್ಟಲೆ ನೋಡಿಕೊಂಡ ಮಗಳು ಬಾಯಿ ಬಿಡುವುದಿಲ್ಲ. ನಿನ್ನೆ ಬಂದ ಮಗನದ್ದೇ ಮಾತು ಜಾಸ್ತಿ. ಎಷ್ಟೋ ಮನೆಗಳಲ್ಲಿ ಹೀಗೇ ಅಲ್ವಾ?

ನನ್ನ ತೊಡಕು ಅಪ್ಪನ ಪಾತ್ರದ್ದು. ಸುಮ್ನೆ ಮಲಗಿಸಿದರೆ ಅವರೂ ಮಂಚದ ಹಾಗೆ ಒಂದು ಸಾಮಾನಾಗಿಬಿಡುತ್ತಾರೆ. ಕೊನೆಯ ಹೊತ್ತಿನಲ್ಲಿ ಕೆಲವರ ಉಸಿರು ಜೋರಾಗಿ, ಮೆಲ್ಲಗಾಗಿ, ಸ್ವಲ್ಪ ಹೊತ್ತು ನಿಂತೇ ಹೋಗಿ ಮತ್ತೆ ಶುರುವಾಗುತ್ತದೆ. ಮಾತು ನಿಂತ ಮೇಲೂ ಕಿವಿ ಕೇಳಿಸುತ್ತಿರಬಹುದು. ಆ ಉಸಿರು ತಡೆದಾಗಲೆಲ್ಲ ಜಗಳವೂ ತಡೆಯಬೇಕು ಅನ್ನುವುದು ನನ್ನಾಸೆ.

ಇಂಥ ಪಾತ್ರ ಮಾಡಿದವರು, ಮಾಡಿಸಿದವರು ಇದ್ದೀರಾ? ಹಿಂದಿನ ಸಾಲಿನವರೆಗೂ ಆ ಉಸಿರು ಮುಟ್ಟಿಸುವುದು ಹೇಗೆ? ಮೈಕ್ ಇಟ್ಟರೆ ಸುಳ್ಳು ಅನ್ನಿಸುತ್ತದಾ? ದಯವಿಟ್ಟು ತಿಳಿಸಿ.