ಮುತ್ತಜ್ಜನ ಸಮಾಧಿ ಹುಡುಕುವ ವಿಷಯಕ್ಕೆ

ಮಗಾ, ಚಿಕ್ಕಪ್ಪ ಮಾತಾಡ್ತಿದ್ದೇನೆ. ಗ್ರೂಪಿನಲ್ಲಿ ನಿನ್ನ ಮೆಸೇಜ್ ನೋಡಿದೆ. ವಂಶವೃಕ್ಷ ಬರೆಯುತ್ತಿದ್ದೀಯ, ಮುತ್ತಜ್ಜನಿಂದ ಹಿಂದಕ್ಕೆ ಯಾರ ಹೆಸರೂ ಸಿಗುತ್ತಿಲ್ಲ, ರಜೆಯಲ್ಲಿ ಬಂದು ಊರ ಹಳೇ ಸ್ಮಶಾನಗಳಲ್ಲಿ ಕಲ್ಲಿನ ಮೇಲಿನ ಹೆಸರು ಓದುತ್ತೇನೆ ಅಂದಿದ್ದೀಯ. ಬಾ, ಸಂತೋಷ. ಆದರೆ ಹೆಸರು ಓದೋಕೆ ಅಂತ ಬಂದರೆ ಬರಿಗೈಲಿ ಹೋಗಬೇಕಾಗುತ್ತೆ, ಈಗಲೇ ಹೇಳಿಬಿಡುತ್ತೇನೆ.

ನಾವು ಗೇಣಿ ಮಾಡಿಕೊಂಡಿದ್ದ ಮನೆಯವರು. ಹೆಸರು ಕೆತ್ತಿಸುವ ಶಕ್ತಿ ಯಾರಿಗಿತ್ತು? ಸುತ್ತ ಜಂಬಿಟ್ಟಿಗೆ ಚೂರು ಜೋಡಿಸಿ, ತಲೆ ಕಡೆ ಒಂದು ಉದ್ದ ಕಲ್ಲು ನಿಲ್ಲಿಸಿದರೆ ಮುಗೀತು. ಆ ಕಲ್ಲು ತೂತು ತೂತು, ಕೆತ್ತಿದರೂ ನಮ್ಮ ಮಲೆನಾಡಿನ ಮಳೆಗೆ ಅಕ್ಷರ ನಿಲ್ಲಲ್ಲ. ಅದೂ ಅಲ್ಲದೆ ಎಲ್ಲರನ್ನೂ ಊರ ಸ್ಮಶಾನಕ್ಕೇ ಒಯ್ಯುತ್ತಿರಲಿಲ್ಲ. ಮನೆ ಹಿಂದಿನ ಬ್ಯಾಣದಲ್ಲೋ (ಹುಲ್ಲುಗಾವಲು), ಹಕ್ಕಲಿನ (ಉಳದೆ ಬಿಟ್ಟ ಒಣ ಜಾಗ) ಅಂಚಿನಲ್ಲೋ ಮಣ್ಣು ಮಾಡುತ್ತಿದ್ದರು.

ಹಾಗಾಗಿ ನೀನು ಹುಡುಕಬೇಕಾದ್ದು ಜಾಗ. ದೇವಕಣಗಿಲೆ ಮರ ಇದೆಯಾ ನೋಡು. ಅದು ನಮ್ಮ ಕಾಡಿನಲ್ಲಿ ತಾನಾಗಿ ಹುಟ್ಟುವ ಮರ ಅಲ್ಲ, ಯಾರೋ ಕೊಂಬೆ ತಂದು ನೆಟ್ಟಿರಬೇಕು. ಮನೆ ಇಲ್ಲದ ಬ್ಯಾಣದ ಮಧ್ಯೆ ಹಳೇ ದೇವಕಣಗಿಲೆ ಕಂಡರೆ ಅದರ ಬುಡದ ಹುಲ್ಲು ಸರಿಸಿ ನೋಡು. ನಮ್ಮ ಮೇಲಿನ ಮನೆ ಬ್ಯಾಣದಲ್ಲಿ ಹಾಗೇ ಸಾಲಾಗಿ ಮೂರು ಸಮಾಧಿ ಸಿಕ್ಕಿತು. ನಡುವಿನದು ಗಿಡ್ಡ, ಒಂದು ಮೊಳ ಅಷ್ಟೇ, ಯಾವುದೋ ಮಗುವಿನದು. ಒಂದು ಕಲ್ಲಿನ ಮೇಲೆ ಪಾಚಿಯ ಕೆಳಗೆ ಹಳೇ ಎಣ್ಣೆ ಅಂಟು ಇನ್ನೂ ಇತ್ತು. ಯಾರದು ಅಂತ ಹೇಳಿದ್ದು ದೊಡ್ಡತ್ತೆ. ಮದುವೆಯಾಗಿ ಬಂದ ಹೊಸತರಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಹಿಡಿದುಕೊಂಡು ಅಲ್ಲಿಗೆ ಹೋಗುತ್ತಿದ್ದದ್ದು ಅವರೇ. ಇಂಥದ್ದನ್ನು ಗಂಡಸರನ್ನು ಕೇಳಬೇಡ ಮಾರಾಯ, ಅವರಿಗೆ ಗೊತ್ತಿರೋದು ಜಮೀನಿನ ಜಗಳ ಮಾತ್ರ.

ಜಾಗ ಸಿಕ್ಕಿತು ಅಂದರೆ ಅರ್ಧ ಕೆಲಸ ಆಯ್ತು. ಅಲ್ಲೇ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆ, ಸರ್ವೆ ನಂಬರ್ ಬರುತ್ತೆ. ಅದನ್ನು ಹಿಡಿದುಕೊಂಡು ತಾಲೂಕು ಕಚೇರಿ ರೆಕಾರ್ಡ್ ರೂಮಿಗೆ ಹೋಗಿ ಕೈಬರಹದ ಹಳೇ ಪಹಣಿಗೆ, ಅಂದರೆ ಜಮೀನು ಯಾರದು, ಯಾರು ಉಳುತ್ತಿದ್ದರು ಅನ್ನೋ ದಾಖಲೆಗೆ, ನಕಲು ಅರ್ಜಿ ಹಾಕು. ಕಂಪ್ಯೂಟರ್ ಪಹಣಿ ಸಾಲದು. ಕಾಲಂ 9ರಲ್ಲಿ ಒಡೆಯರ ಹೆಸರು ಇರುತ್ತೆ, ಅದನ್ನು ಬಿಡು. ಉಳುಮೆ ಮಾಡಿದವರ ಹೆಸರು ಕಾಲಂ 12ರಲ್ಲಿ. ಅಲ್ಲೂ ಎಲ್ಲ ವರ್ಷ ನಮ್ಮವರ ಹೆಸರು ಬರೆದಿರಲ್ಲ. ಕೊಟ್ಟ ಗೇಣಿಗೇ ರಸೀದಿ ಇಲ್ಲದ ಕಾಲ ಅದು. 1951ರಲ್ಲಿ ಸಾಗರದ ಕಡೆ ಗೇಣಿದಾರರ ಕಾಗೋಡು ಹೋರಾಟ ಹೊತ್ತಿಕೊಂಡಿದ್ದೂ ಭತ್ತ ಅಳೆಯುವ ಕೊಳಗದ ಜಗಳದಿಂದಲೇ ಅಲ್ವಾ.

ನಿಜವಾದ ನಿಧಿ ಇರೋದು ಭೂ ನ್ಯಾಯ ಮಂಡಳಿ ಫೈಲಿನಲ್ಲಿ. 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು. ಅದರ ಜೊತೆ ಮಂಡಳಿ ಮುಂದೆ ಕೊಟ್ಟ ಹೇಳಿಕೆ ಇರುತ್ತೆ. ಈ ಗದ್ದೆಯನ್ನು ನನ್ನ ಅಪ್ಪ ಮಾಡುತ್ತಿದ್ದ, ಅವನಿಗಿಂತ ಮೊದಲು ಅವನಪ್ಪ ಇಂಥವನು ಮಾಡುತ್ತಿದ್ದ ಅಂತ ಹೆಬ್ಬೆಟ್ಟು ಒತ್ತಿದ ಕಾಗದ. ನಾನು ಇಷ್ಟು ವರ್ಷ ಜಮೀನಿನ ಪತ್ರ ಬರೆದುಕೊಂಡು ಬಂದವನು, ಬಡವರ ಮನೆ ಮೂರು ತಲೆಮಾರು ಒಂದೇ ಹಾಳೆಯಲ್ಲಿ ಸಿಗೋದನ್ನು ಅಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ಆಮೇಲೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ ಮಾಡಿದ ಪೌತಿ ಖಾತೆ ನೋಡು, ಯಾರು ಸುಮಾರು ಯಾವಾಗ ತೀರಿಕೊಂಡರು ಅಂತ ತಿಳಿಯುತ್ತೆ. ತಾತನ ಹೆಸರನ್ನೇ ಮೊಮ್ಮಗನಿಗೆ ಇಡುತ್ತಿದ್ದರು, ಅದಕ್ಕೆ ಹುಷಾರು. ತಿಮ್ಮಪ್ಪ ಬಿನ್ ಹುಚ್ಚಪ್ಪ, ಹುಚ್ಚಪ್ಪ ಬಿನ್ ತಿಮ್ಮಪ್ಪ, ಮತ್ತೆ ತಿಮ್ಮಪ್ಪ. ಬಿನ್ ಅಂದರೆ ಇಂಥವನ ಮಗ. ಅದರ ಮುಂದಿನ ಅಪ್ಪನ ಹೆಸರು, ವರ್ಷ ಎರಡನ್ನೂ ಜೊತೆಗೇ ಬರೆದುಕೊ, ಇಲ್ಲದಿದ್ದರೆ ಒಂದು ತಲೆಮಾರೇ ಹಾರಿಹೋಗುತ್ತೆ. ಹೆಂಗಸರು ಕಾಗದದಲ್ಲಿ ಬರೋದು ಗಂಡ ಸತ್ತ ಮೇಲೆ, ಇಂಥವಳು ಕೋಂ (ಹೆಂಡತಿ) ಇಂಥವನು ಅಂತ. ಅವರ ತವರು ಯಾವುದು ಅಂತ ಎಲ್ಲೂ ಇರಲ್ಲ. ನನಗೆ ಸಿಟ್ಟು ಬರೋದೇ ಅದಕ್ಕೆ.

ದೊಡ್ಡಜ್ಜನ ಕವಲಿನವರದು ಬೇರೆಯೇ ಕಥೆ. ಅವರು ಶರಾವತಿ ದಂಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಮನೆ, ಗದ್ದೆ, ಹಿರಿಯರ ಜಾಗ ಎಲ್ಲ ಮುಳುಗಿತು. ಮಳೆ ಕಡಿಮೆಯಾದ ವರ್ಷ ಬೇಸಿಗೆಯಲ್ಲಿ 1948ರ ಹಿರೇಭಾಸ್ಕರ ಅಣೆಕಟ್ಟೇ ಮೇಲೆ ಕಾಣುತ್ತೆ, ಆಗ ಸುತ್ತಲಿನ ಹಳೇ ಜಾಗಗಳೂ ಒಂದಷ್ಟು ತೆರೆದುಕೊಳ್ಳುತ್ತವೆ. ಆದರೆ ಆ ಕೆಸರಿನಲ್ಲಿ ಒಬ್ಬನೇ ಇಳಿಯಬೇಡ. ಅವರ ವಿಷಯಕ್ಕೆ ಭೂಸ್ವಾಧೀನದ ಅವಾರ್ಡ್ ಪಟ್ಟಿ (ಯಾರಿಗೆ ಎಷ್ಟು ಪರಿಹಾರ ಅನ್ನೋ ಪಟ್ಟಿ) ಕೇಳು. ಹಿನ್ನೀರಿನ ಆಚೆ ಕರೂರು ಕಡೆ ಉಳಿದ ನೆಂಟರನ್ನೂ ಮಾತಾಡಿಸು. ಈಗ ಸಿಗಂದೂರು ಸೇತುವೆ ಆಗಿದೆ, ಲಾಂಚಿಗೆ ಕಾಯುವ ಗೋಳಿಲ್ಲ.

ನಿನ್ನ ಅಣ್ಣ ದೇವಸ್ಥಾನದ ಹಿಂದಿನ ವೀರಗಲ್ಲಿನ ಫೋಟೋ ಹಾಕಿ ‘ನಮ್ಮ ಮೂಲಪುರುಷ’ ಅಂತ ಬರೆದಿದ್ದಾನಲ್ಲ, ಅದನ್ನು ವಂಶವೃಕ್ಷಕ್ಕೆ ಸೇರಿಸಬೇಡಪ್ಪ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗ. ಅಂಥ ಕಲ್ಲು ಸೊರಬ, ಶಿಕಾರಿಪುರದ ಕಡೆ ಊರೂರಿಗೂ ಇವೆ. ಅಕ್ಷರ ಇದ್ದರೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಟನೇ ಸಂಪುಟ ತೆರೆದು ನೋಡಲಿ. ಬಿ.ಎಲ್. ರೈಸ್ ಅವರು 1904ರಲ್ಲೇ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲೂಕಿನ ಶಾಸನ ಅಚ್ಚು ಹಾಕಿಸಿದ್ದಾರೆ. ಕಲ್ಲಿಗೆ ತಂತಿ ಬ್ರಷ್, ಆಸಿಡ್ ಮುಟ್ಟಿಸಬೇಡಿ ಅಂತಲೂ ಹೇಳು. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ನೆರಳು ಬಿದ್ದು ಏಳುತ್ತೆ.

ಮಳೆಗಾಲದಲ್ಲಿ ಬರಬೇಡ, ಹುಲ್ಲು ಎದೆಯುದ್ದ, ರಕ್ತ ಹೀರುವ ಉಂಬಳ (ಜಿಗಣೆ) ಬೇರೆ. ದೀಪಾವಳಿ ಆದ ಕೂಡಲೇ ಬಾ. ಡಿಸೆಂಬರ್ ದಾಟಿದರೆ ಉಣುಗಿನ (ಉಣ್ಣೆ ಹುಳ) ಕಾಟ, ಮಂಗನ ಕಾಯಿಲೆ ಹರಡೋದು ಅದರಿಂದಲೇ. ಆ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದೇ ಸೊರಬದ ಕ್ಯಾಸನೂರು ಕಾಡಿನಲ್ಲಿ, ಸುಮ್ನೆ ಹೆದರಿಸುತ್ತಿಲ್ಲ. ಬೇಸಿಗೆಯಲ್ಲೇ ಬರೋದಾದರೆ ಆಶಾ ಕಾರ್ಯಕರ್ತೆ ಹತ್ತಿರ ಉಣುಗು ಹತ್ತದ ಹಾಗೆ ಹಚ್ಚುವ ಡೇಪಾ ಎಣ್ಣೆ ಇಸಿದುಕೊಂಡು ಕೈಕಾಲಿಗೆ ಹಚ್ಚಿಕೊ. ಮಂಗ ಸತ್ತ ಸುದ್ದಿ ಇರುವ ಕಡೆ ಕಾಲಿಡಬೇಡ.

ಬರೋದಕ್ಕೆ ಮೊದಲು ಇವತ್ತೇ ದೊಡ್ಡತ್ತೆಗೆ ಫೋನ್ ಮಾಡು. ಬೆಳಿಗ್ಗೆ ಹೊತ್ತು ಮಾಡು, ಸಂಜೆ ಧಾರಾವಾಹಿ ನೋಡುವಾಗ ಮಾಡಿದರೆ ಹೂಂ ಹೂಂ ಅಂತ ಇಟ್ಟುಬಿಡ್ತಾರೆ. ಅವರ ಅತ್ತೆಯ ತವರು ಯಾವುದು ಅಂತ ಮೊದಲು ಕೇಳು, ಮುತ್ತಜ್ಜನ ವಿಷಯ ಆಮೇಲೆ.