ಹಳೇ ಮಿಯಾಟಾ ತಗೊಳ್ಳೋದಾ? ಅಡಿಭಾಗ ನೋಡಿದವರು ಅನುಭವ ಹೇಳಿ

ಕೊಲಂಬಸ್ ಹೊಸಬ
ಎಲ್ಲರಿಗೂ ನಮಸ್ಕಾರ. ಊರು ಮೈಸೂರು, ಈಗ ಓಹಾಯೋದಲ್ಲಿದೀನಿ. ಇಲ್ಲೊಬ್ಬ ಅಜ್ಜ 1991ರ ಮಾಜ್ದಾ ಮಿಯಾಟಾ, ಅದೇ ಎರಡು ಸೀಟಿನ ಟಾಪ್ ಬಿಚ್ಚೋ ಕಾರು, ಮಾರ್ತಿದಾರೆ. ಕೆಂಪು ಬಣ್ಣ, 1.6 ಲೀಟರ್ ಇಂಜಿನ್, 1,28,000 ಮೈಲಿ ಓಡಿದೆ, 6,500 ಡಾಲರ್ ಹೇಳ್ತಿದಾರೆ. ವಾರಾಂತ್ಯಕ್ಕೆ ಟಾಪ್ ಬಿಚ್ಚಿ ಓಡಿಸೋಕೆ ಅಷ್ಟೇ. ಮೇಲೆ ಪಳಪಳ ಅಂತಿದೆ. ಕೆಳಗೆ ಏನೇನು ನೋಡಬೇಕು? ನನಗೆ ಗ್ಯಾರೇಜ್ ಇಲ್ಲ, ಅಪಾರ್ಟ್‌ಮೆಂಟ್ ಪಾರ್ಕಿಂಗು.

ಡೆಟ್ರಾಯ್ಟ್ ಗೌಡ
ಇಂಜಿನ್ ಬಗ್ಗೆ ತಲೆ ಕೆಡಿಸ್ಕೋಬೇಡಿ. ಟೈಮಿಂಗ್ ಬೆಲ್ಟ್ ಕಿತ್ತೋದ್ರೂ ಪಿಸ್ಟನ್ನು ವಾಲ್ವಿಗೆ ಹೊಡೆಯಲ್ಲ, ಹೊಸ ಬೆಲ್ಟ್ ಹಾಕಿದ್ರೆ ಮತ್ತೆ ಓಡುತ್ತೆ. ಜೀವ ತೆಗೆಯೋದು ಬೋಲ್ಟು.

ನಂದು 1994ರ 1.8. ಟೈರು ಒಳಮೈಯಲ್ಲಿ ಸವೀತಿತ್ತು ಅಂತ ಅಲೈನ್‌ಮೆಂಟ್‌ಗೆ ಬಿಟ್ಟೆ. ‘ಆಗಲ್ಲ’ ಅಂತ ವಾಪಸ್ ಕೊಟ್ರು, 90 ಡಾಲರ್ ಮಾತ್ರ ಮರೀದೆ ಇಸ್ಕೊಂಡ್ರು. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ (ಒಂದೊಂದು ಚಕ್ರಕ್ಕೂ ಮೇಲೊಂದು ಕೆಳಗೊಂದು ಆರ್ಮ್) ಅಂತ ಎಲ್ಲರೂ ಕುಣೀತಾರಲ್ಲ, ಆ ಕೆಳಗಿನ ಆರ್ಮ್‌ಗಳನ್ನ ಹಿಡಿದಿರೋದು ಎಂಟು ಉದ್ದದ ಎಕ್ಸೆಂಟ್ರಿಕ್ (ತಿರುಗಿಸಿದ್ರೆ ಆರ್ಮ್ ಆಚೀಚೆ ಸರಿಯೋ) ಬೋಲ್ಟು. ಅವು ತಿರುಗಿದ್ರೆ ತಾನೇ ಕ್ಯಾಂಬರ್, ಅಂದ್ರೆ ಚಕ್ರದ ವಾಲು, ಸರಿಹೋಗೋದು? ಮಿಶಿಗನ್ ಉಪ್ಪಿನ ನೀರಲ್ಲಿ ಅವು ರಬ್ಬರ್ ಬುಶ್ಶಿನ ಒಳಗಿರೋ ಉಕ್ಕಿನ ಕೊಳವೆಗೆ ಕಚ್ಕೊಂಡು ಒಂದೇ ಆಗಿದ್ವು. ಸ್ಪ್ಯಾನರ್ ಹಾಕಿದ್ರೆ ತಿರುಗುತ್ತೆ, ಖುಷಿಯಾಗುತ್ತೆ. ಕೈ ಬಿಟ್ಟ ತಕ್ಷಣ ರಬ್ಬರು ಎಳೆದು ವಾಪಸ್ ತಂದು ನಿಲ್ಸುತ್ತೆ. ಬೆಂಕಿ ಹಿಡಿದ್ರೆ ಬುಶ್ಶು ಹತ್ಕೊಂಡು ಉರಿಯುತ್ತೆ, ಬೋಲ್ಟ್ ಅಲ್ಲಾಡಲ್ಲ. ಕೊನೆಗೆ ಒಂದೊಂದಕ್ಕೂ ಎರಡೂ ಕಡೆ ಗರಗಸ.

ಬರ್ಕೊಳ್ಳಿ: ಬೋಲ್ಟ್ 260, ಬುಶ್ ಸೆಟ್ 310, ಬ್ಲೇಡು 48, ಬಾಲ್ ಜಾಯಿಂಟ್ 140, ಕೂಲಿ 1,400, ಮತ್ತೆ ಅಲೈನ್‌ಮೆಂಟ್ 120. ಮೊದಲಿನ ದಂಡ ಸೇರಿ 2,368. ಗಾಡಿಗೆ ಕೊಟ್ಟಿದ್ದು 4,200! ಆದ್ರೆ ಈಗ ತಿರುವಿನಲ್ಲಿ ಕೂರುತ್ತೆ ನೋಡಿ, ಆಹಾ.

ಧಾರವಾಡದಾಂವ, ಬರ್ಮಿಂಗ್‌ಹ್ಯಾಮ್
ಗೌಡ್ರ, ಬೋಲ್ಟ್ ಹೋದ್ರ ಬೋಲ್ಟ್ ಸಿಗತಾವ್ರಿ. ಸಿಲ್ ಹೋದ್ರ ಗಾಡೀನ ಹೋತು. ತಲಿ ಮ್ಯಾಲ ಛಾವಣಿ ಇಲ್ಲದ ಗಾಡಿಗೆ ಬಾಗಲದ ಕೆಳಗಿನ ಸಿಲ್ಲ ಬೆನ್ನೆಲುಬು.

ಮಡಚೋ ಬಟ್ಟಿ ಟಾಪಿನ ಮ್ಯಾಲ ಬಿದ್ದ ಮಳಿ ನೀರು ಸೀಟಿನ ಹಿಂದಿನ ಡ್ರೇನ್ ಪೈಪಿನ್ಯಾಗ ಇಳದು ಹೊರಗ ಹೋಗಬೇಕು. ಎಲಿ, ಮಣ್ಣು ಕೂಡಿ ಪೈಪ್ ಕಟ್ಟಿತು ಅಂದ್ರ ನೀರು ಸಿಲ್ಲಿನೊಳಗ ನಿಂದರತದ. ಒಳಗಿಂದ ತಿಂತದ, ಹೊರಗ ಹಿಂದಿನ ಚಕ್ರದ ಮುಂದ ಬಣ್ಣ ಒಂದೀಟು ಉಬ್ಬಿದಂಗ ಕಾಣಸ್ತದ, ಅಷ್ಟ. ನನಗ ಮಾರಿದ ಪುಣ್ಯಾತ್ಮ ಅದರ ಮ್ಯಾಲ ಪುಟ್ಟಿ ಬಳದು ಬಣ್ಣ ಹೊಡದಿದ್ದ. ವರ್ಷದ ಎಂಒಟಿ ತಪಾಸಣಿಯೊಳಗ ಆ ಮನುಷ್ಯಾ ಬೆರಳಿಲೆ ಒತ್ತಿದ, ಬೆರಳು ಒಳಗ ಹೋತು. ಫೇಲ್. ಹೊರಗಿನ ಸಿಲ್ ಪ್ಯಾನಲ್ ಎರಡೂ ಕೂಡಿ 160 ಪೌಂಡ್, ವೆಲ್ಡಿಂಗ್ 1,100. ಕತ್ತರಿಸಿ ತಗದ ಮ್ಯಾಲ ಒಳಗಿನ ಸಿಲ್ಲೂ ಜಾಳಿಗಿ ಆಗೇದ ಅಂತ ಫೋನ್ ಬಂತು, ಅದಕ್ಕ ಮತ್ತ 480. ಬಣ್ಣ 350. ರೊಕ್ಕ ನೀರಾಗಿ ಹೋತ್ರಿ. ತಮ್ಮಾ, ಅಯಸ್ಕಾಂತ ತಗೊಂಡ ಹೋಗು, ಪುಟ್ಟಿಗೆ ಅದು ಹಿಡಿಯೂದಿಲ್ಲ.

ಡೆಟ್ರಾಯ್ಟ್ ಗೌಡ
ಸಾರ್, ನಿಮ್ಮದು ಮಳೆ ದೇಶ. ಇಲ್ಲಿ ಉಪ್ಪು ಕೆಳಗಿನಿಂದ ಬರುತ್ತೆ. ಸಿಲ್ಲಿಗಿಂತ ಮೊದಲು ಬ್ರೇಕ್ ಪೈಪು, ಸಬ್‌ಫ್ರೇಮು, ಬೋಲ್ಟು.

ಧಾರವಾಡದಾಂವ, ಬರ್ಮಿಂಗ್‌ಹ್ಯಾಮ್
ನಮ್ಮಲ್ಲಿ ರಸ್ತೇಕ್ಕ ಸಕ್ಕರಿ ಹಾಕ್ತಾರೇನ್ರಿ? ಇಲ್ಲೂ ಉಪ್ಪನ.

ಕುಂದಾಪ್ರದವಳು, ಸ್ಯಾನ್ ಡಿಯಾಗೊ
ಇಬ್ಬರೂ ಸ್ವಲ್ಪ ಸುಮ್ಮನಿರಿ ಮಾರಾಯ್ರೆ. ಅವರು ಕೇಳಿದ್ದು 1991ರ 1.6. ಕ್ರ್ಯಾಂಕ್, ಅಂದರೆ ಇಂಜಿನ್ನಿನ ಒಳಗೆ ತಿರುಗುವ ಮುಖ್ಯ ದಂಡ, ಅದರ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ.

ನನ್ನದು 1990ರದ್ದು. ಇಲ್ಲಿ ತುಕ್ಕು ಎಂಬುದೇ ಇಲ್ಲ, ಅಡಿಯಲ್ಲಿ ಕಾರ್ಖಾನೆಯ ಬಣ್ಣ ಹಾಗೇ ಉಂಟು. ಆದರೆ ಮೊದಲ ಗಾಡಿಗಳ ಕ್ರ್ಯಾಂಕಿನ ಮೂತಿ ಚಿಕ್ಕದು, 1991ರ ನಡುವೆ ಉದ್ದ ಮಾಡಿದರು. ಆ ಮೂತಿಗೆ ಕೂರುವ ಮುಂದಿನ ಪುಲ್ಲಿಯಲ್ಲಿ (ಬೆಲ್ಟಿನ ಗಾಲಿ) 4 ಸೀಳು ಇದ್ದರೆ ಚಿಕ್ಕ ಮೂತಿ, 8 ಇದ್ದರೆ ಉದ್ದ. ಚಿಕ್ಕದರಲ್ಲಿ ನಡುವಿನ ಬೋಲ್ಟನ್ನು ಸರಿಯಾಗಿ ಬಿಗಿಯದಿದ್ದರೆ ಪುಲ್ಲಿ ಒಳಗೇ ಅಲುಗಾಡಿ, ಅದನ್ನು ಕ್ರ್ಯಾಂಕಿಗೆ ಹಿಡಿದಿಡುವ ಕೀ ಎಂಬ ಲೋಹದ ತುಂಡು ಕೂರುವ ಕಚ್ಚನ್ನು ತಿಂದು ಹಾಕುತ್ತದೆ. ಟೈಮಿಂಗ್ ಹಿಂದೆ ಸರಿಯುತ್ತದೆ, ಏರಿನಲ್ಲಿ ಎಳೆಯುವುದಿಲ್ಲ. ಒಂದು ಗ್ಯಾರೇಜಿನವರು ಬೆಲ್ಟ್ ಬದಲಾಯಿಸಿದ ಮೇಲೆ ನನಗೆ ಆದದ್ದು ಅದೇ. ಅವರು ಮೊದಲು ಸ್ಪಾರ್ಕ್ ಪ್ಲಗ್ ವಯರ್ ಹಾಕಿದರು, ಆಮೇಲೆ ಕಾಯಿಲ್, ಆಮೇಲೆ ಗಾಳಿ ಅಳೆಯುವ ಮೀಟರ್. 870 ಡಾಲರ್ ಆದ ಮೇಲೆ ‘ಹಳೇ ಇಂಜಿನ್ ಅಲ್ವಾ’ ಅಂದರು. ನಾನೇ ರೇಡಿಯೇಟರ್ ಇಳಿಸಿ ನೋಡಿದೆ, ಪುಲ್ಲಿ ಬೆರಳಲ್ಲಿ ಕುಣಿಯುತ್ತಿತ್ತು. ಎಣ್ಣೆ ಪಸೆ ಪೂರ್ತಿ ತೊಳೆದು, ಹೊಸ ಕೀ ಕೂರಿಸಿ, ಸಂದಿಗೆ ಲೋಹದ ಅಂಟು ಲಾಕ್‌ಟೈಟ್ 660 ತುಂಬಿ ಬಿಗಿದೆ. 60 ಡಾಲರಿನ ಒಳಗೆ ಕೆಲಸ ಮುಗಿಯಿತು, ಇವತ್ತಿಗೂ ಗಟ್ಟಿ. ಆ ಗ್ಯಾರೇಜಿನವ ಕೇಳಿದ್ದೇನು ಗೊತ್ತುಂಟಾ? ‘ನಿಮ್ಮ ಯಜಮಾನರು ಮಾಡಿದ್ದಾ?’

ಡೆಟ್ರಾಯ್ಟ್ ಗೌಡ
ಅಕ್ಕಾ, ಅಂಟು ಹಾಕಿದ ಕ್ರ್ಯಾಂಕ್ ಎಷ್ಟು ದಿನ ಬರುತ್ತೆ? ನಾನಾಗಿದ್ರೆ ಇಂಜಿನ್ನೇ ಬದಲಾಯಿಸ್ತಿದ್ದೆ.

ಕುಂದಾಪ್ರದವಳು, ಸ್ಯಾನ್ ಡಿಯಾಗೊ
ನೀವು ಬೋಲ್ಟಿಗೇ 2,368 ಕೊಟ್ಟವರು. ನಿಮಗೆ ಇಂಜಿನ್ ಕಡಿಮೆಯೇ ಬಿಡಿ.

ಜೆರ್ಸಿ ಎನ್‌ಡಿ
ಇಷ್ಟೆಲ್ಲ ಯಾಕ್ರೀ ಒದ್ದಾಟ? 2019ರ ಮೇಲಿನ ಎನ್‌ಡಿ, ಅಂದ್ರೆ ನಾಲ್ಕನೇ ತಲೆಮಾರಿನ ಮಿಯಾಟಾ ತಗೊಳ್ಳಿ. 2.0 ಲೀಟರ್, 181 ಕುದುರೆ ಶಕ್ತಿ, 7,500 ಆರ್‌ಪಿಎಂವರೆಗೆ ಎಳೆಯುತ್ತೆ. ಗೇರ್‌ಬಾಕ್ಸಿಂದ ಡಿಫರೆನ್ಷಿಯಲ್‌ವರೆಗೆ ಹೋಗೋ ಅಲ್ಯೂಮಿನಿಯಂ ಚೌಕಟ್ಟು, ಪಿಪಿಎಫ್, 1989ರ ಗಾಡೀಲೂ ಇತ್ತು, ಇದರಲ್ಲೂ ಇದೆ. ಆಕ್ಸಿಲರೇಟರ್ ಒತ್ತಿದ ಕ್ಷಣ ಹಿಂದಿನ ಚಕ್ರ ತಳ್ಳೋದು ಅದರಿಂದಾನೇ. ತಿಂಗಳ ಕಂತು ಕಟ್ಟೋದು, ನಿಶ್ಚಿಂತೆಯಾಗಿರೋದು.

ಧಾರವಾಡದಾಂವ, ಬರ್ಮಿಂಗ್‌ಹ್ಯಾಮ್
ಕರೆಂಟಿನ ಸ್ಟೀರಿಂಗ್ ಇದ್ದ ಗಾಡಿಗೆ ಮಿಯಾಟಾ ಅನ್ನಬ್ಯಾಡ್ರಿ. ನಂದರಾಗ ಪವರ್ ಸ್ಟೀರಿಂಗನ ಇಲ್ಲ. ಹಾದಿ ಮ್ಯಾಲ ಹಳ್ಳು ಸಿಕ್ರ ಅಂಗೈಗೆ ತಿಳೀತದ.

ಜೆರ್ಸಿ ಎನ್‌ಡಿ
ಅಂಗೈಗೆ ತಿಳಿಯುತ್ತೆ, ನೆಲ ಕಳಚಿ ಬಿದ್ರೆ ಅಂಗಾಲಿಗೂ ತಿಳಿಯುತ್ತೆ.

ಧಾರವಾಡದಾಂವ, ಬರ್ಮಿಂಗ್‌ಹ್ಯಾಮ್
ಕಂತು ಕಟ್ಟಾವ್ರು ಮಾತು ಕಡಿಮಿ ಆಡಬೇಕು.

ಜಯನಗರ ನಾಲ್ಕನೇ ಬ್ಲಾಕ್
ಮಧ್ಯೆ ಒಂದು ಪ್ರಶ್ನೆ. ವಾಪಸ್ ಬರುವಾಗ ಇಂಥ ಗಾಡೀನ ಬೆಂಗಳೂರಿಗೆ ತರಬಹುದಾ?

ಡೆಟ್ರಾಯ್ಟ್ ಗೌಡ
ಆಗಲ್ಲ. ಹಳೇ ಗಾಡಿ ಆಮದು ಮಾಡಬೇಕಂದ್ರೆ ತಯಾರಾಗಿ ಮೂರು ವರ್ಷ ದಾಟಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಮೇಲೆ ಸುಂಕ ಬೇರೆ, ಅದರಲ್ಲಿ ಇನ್ನೊಂದು ಗಾಡಿ ಬರುತ್ತೆ.

ಧಾರವಾಡದಾಂವ, ಬರ್ಮಿಂಗ್‌ಹ್ಯಾಮ್
ಬಲಗಡಿ ಸ್ಟೀರಿಂಗ್ ನಮ್ಮ ಕಡೆ ಅದ.

ಡೆಟ್ರಾಯ್ಟ್ ಗೌಡ
ಮೂರು ವರ್ಷ ಅಂದೆ. ನಿಮ್ಮದಕ್ಕೆ ಮೊಮ್ಮಕ್ಕಳಾಗೋ ವಯಸ್ಸು.

ಜಯನಗರ ನಾಲ್ಕನೇ ಬ್ಲಾಕ್
ಅಲ್ಲ, ತಂದರೂ ನಮ್ಮ ಹಂಪ್‌ಗಳಲ್ಲಿ ಹೊಟ್ಟೆ ಉಜ್ಜಲ್ವಾ?

ಕೊಲಂಬಸ್ ಹೊಸಬ
ಇವತ್ತು ಹೋಗಿ ಬಂದೆ. ಪುಲ್ಲಿಯಲ್ಲಿ 8 ಸೀಳು. ಬಾನೆಟ್ ಒಳಗೆ ಸಿಲಿಂಡರ್ ಹೆಡ್ಡಿನ ಹಿಂದೆ ಎಣ್ಣೆ ಜಿನುಗಿದೆ. ಅಯಸ್ಕಾಂತ ಬಲಗಡೆ ಸಿಲ್ಲಿಗೆ ಹಿಡೀತು, ಎಡಗಡೆ ಹಿಂದಿನ ಚಕ್ರದ ಹತ್ತಿರ ಹಿಡೀಲಿಲ್ಲ. ಎಂಟು ಬೋಲ್ಟಲ್ಲಿ ಎಷ್ಟು ತಿರುಗ್ತವೆ ಗೊತ್ತಿಲ್ಲ. ಜಾಕ್ ಹಾಕ್ತೀನಿ ಅಂದ್ರೆ ಅಜ್ಜ ಬೇಡ ಅಂದ್ರು.

ಕುಂದಾಪ್ರದವಳು, ಸ್ಯಾನ್ ಡಿಯಾಗೊ
ಎಣ್ಣೆ ಅಲ್ಲಿರುವ ಕ್ಯಾಮ್ ಆಂಗಲ್ ಸೆನ್ಸರಿನ ಓ-ರಿಂಗಿನದ್ದು (ರಬ್ಬರ್ ಬಳೆ), ಚಿಲ್ಲರೆ ಕಾಸಿನ ಕೆಲಸ. ಆದರೆ ಕೆಳಗಿರುವ ಹೀಟರ್ ಹೋಸಿನ ಮೇಲೆ ಸುರಿದು ಅದನ್ನು ಮೆತ್ತಗೆ ಮಾಡುತ್ತದೆ, ಎರಡನ್ನೂ ಒಟ್ಟಿಗೇ ಬದಲಾಯಿಸಿ. ಜಾಕ್ ಬೇಡ ಅಂದದ್ದು ಒಳ್ಳೆಯದೇ ಆಯಿತು. ನೆಲದಡಿಯ ರೈಲಿಗೆ ಕೊಟ್ಟರೆ ಚಪ್ಪಟೆಯಾಗುತ್ತದೆ.

ಧಾರವಾಡದಾಂವ, ಬರ್ಮಿಂಗ್‌ಹ್ಯಾಮ್
ಎಡಗಡಿ ಪುಟ್ಟಿ. ಬಿಡು ತಮ್ಮಾ, ಕೈ ಮುಗದು ಬಾ.

ಡೆಟ್ರಾಯ್ಟ್ ಗೌಡ
ಬಿಡೋದ್ಯಾಕೆ? ಉದ್ದ ಮೂತಿ ಕ್ರ್ಯಾಂಕು, ಒಂದೇ ಕಡೆ ಸಿಲ್ಲು. 3,500ಕ್ಕೆ ಕೇಳಿ, 4,000ಕ್ಕೆ ನಿಲ್ಲಿಸಿ. ವೆಲ್ಡಿಂಗ್‌ಗೆ ಒಂದೂವರೆ ಸಾವಿರ ಇಟ್ಕೊಳ್ಳಿ.

ಧಾರವಾಡದಾಂವ, ಬರ್ಮಿಂಗ್‌ಹ್ಯಾಮ್
ಒಂದೂವರಿ ಸಾವಿರದಾಗ ಒಳಗಿನ ಸಿಲ್ ಯಾರ ಮಾಡಿ ಕೊಡ್ತಾರ್ರಿ? ಹೆಸರು ಹೇಳ್ರಿ, ನಾನೂ ಹಡಗಿನ್ಯಾಗ ಹಾಕಿ ಕಳಸ್ತೀನಿ.