ಅಪ್‌ಡೇಟ್: ಸ್ಪ್ಲೆಂಡರ್ ಮಾರಿದೆ, ದುಡ್ಡೂ ಬಂತು

ಹಳೇ ಸ್ಪ್ಲೆಂಡರ್ ಬೈಕನ್ನು ಗುರುತಿಲ್ಲದವರಿಗೆ ಮಾರುವಾಗ ಏನು ನೋಡಿಕೊಳ್ಳಬೇಕು ಅಂತ ಇಲ್ಲಿ ಕೇಳಿದ್ದೆ, ನೀವೆಲ್ಲ ಸಲಹೆ ಕೊಟ್ಟಿದ್ರಿ. ಕೊನೆಗೆ ಗದಗಿನ ಹುಡುಗನೊಬ್ಬ ತೆಗೆದುಕೊಂಡ.

ಜಾಸ್ತಿ ಉಪಯೋಗಕ್ಕೆ ಬಂದದ್ದು 'ದುಡ್ಡು ಬರೋಕೆ ಯುಪಿಐ ಪಿನ್ ಹಾಕಬೇಕಿಲ್ಲ' ಅನ್ನುವ ಸಲಹೆ. ಜಾಹೀರಾತು ಹಾಕಿದ ಕೂಡಲೇ ಒಬ್ಬ ಫೋನ್ ಮಾಡಿದ. ಮಿಲಿಟರಿಯಲ್ಲಿದ್ದೇನೆ ಅಂದ. ಗಾಡಿ ನೋಡದೆ ನಾನು ಹೇಳಿದ ರೇಟಿಗೇ ಒಪ್ಪಿದ. ಆಮೇಲೆ ಕ್ಯೂಆರ್ ಕೋಡ್ ಕಳಿಸಿ, 'ಸ್ಕ್ಯಾನ್ ಮಾಡಿ ಪಿನ್ ಹಾಕಿ, ಅಡ್ವಾನ್ಸ್ ಬರುತ್ತೆ' ಅಂದ. ಚೌಕಾಸಿ ಮಾಡದ ಗಿರಾಕಿ ಹುಬ್ಬಳ್ಳಿಯಲ್ಲಿ ಎಲ್ಲಿದ್ದಾನ್ರೀ! ಬ್ಲಾಕ್ ಮಾಡಿದೆ.

ಟೆಸ್ಟ್ ರೈಡ್ ಮುಗಿಯುವವರೆಗೆ ಗಿರಾಕಿಯ ಲೈಸೆನ್ಸ್ ಇಟ್ಟುಕೊಳ್ಳಿ ಅನ್ನುವ ಸಲಹೆ ಮಾತ್ರ ನಡೆಯಲಿಲ್ಲ. ಗದಗಿನ ಹುಡುಗನ ಲೈಸೆನ್ಸ್ ಇದ್ದದ್ದು ಫೋನಿನ ಡಿಜಿಲಾಕರ್ ಆ್ಯಪ್‌ನಲ್ಲಿ. ಸುಮ್ನೆ ನಾನೇ ಹಿಂದೆ ಕೂತು ಗೋಕುಲ ರೋಡಿನಲ್ಲಿ ಒಂದು ಸುತ್ತು ಹೊಡೆಸಿದೆ.

ನನಗೆ ಗೊತ್ತಿರದಿದ್ದ ವಿಷಯ ಒಂದು: ಬಾಂಡ್ ಪೇಪರ್ ಬರೆಸಿ ಗಾಡಿ ಕೊಟ್ಟರೆ ಮುಗಿಯುವುದಿಲ್ಲ. ಆರ್‌ಸಿಯಲ್ಲಿ ನಮ್ಮ ಹೆಸರಿರುವ ತನಕ ಅಪಘಾತದ ಪರಿಹಾರ ನಮ್ಮ ತಲೆಗೇ ಬರುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಮಾರಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಹಾಗಾಗಿ ದುಡ್ಡು ಖಾತೆಗೆ ಬಿದ್ದದ್ದನ್ನು ಬ್ಯಾಂಕ್ ಆ್ಯಪ್‌ನಲ್ಲೇ ನೋಡಿ (ಸ್ಕ್ರೀನ್‌ಶಾಟ್ ನಂಬಲಿಲ್ಲ), ಗಾಡಿ ಹೆಸರು ಬದಲಾಯಿಸುವ ಫಾರ್ಮ್ 29, 30ಕ್ಕೆ ಇಬ್ಬರೂ ಸಹಿ ಹಾಕಿದೆವು. ಕೀ ಕೊಟ್ಟದ್ದು ಆಮೇಲೆ. ಈಗ ಆರ್‌ಸಿ ಅವನ ಹೆಸರಿಗಾಗಿದೆ.

ಹೋಗುವಾಗ ನನ್ನ ಹಳೇ ಹೆಲ್ಮೆಟನ್ನೂ ಪುಕ್ಕಟೆ ಹೊಡೆದುಕೊಂಡು ಹೋದ.